ಗೂಗಲ್‌ನಲ್ಲಿ ನೌಕರಿ ಹಿಡಿದ ವುಲ್ಫ್ ಗುಪ್ತಾನಿಗೆ ಭೂತನಾಳದಿಂದ ಬಹಿರಂಗ ಪತ್ರ

ಚಿರಂಜೀವಿ ವುಲ್ಫ್ ಗುಪ್ತಾನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ಒಂದು ಕಾಲಕ್ಕೆ ವಿಜಯಪುರಕ್ಕೆ ಕುಡಿಯುವ ನೀರು ಕೊಟ್ಟ ನಮ್ಮ ಕೆರೆಯೂ ಇದ್ದಲ್ಲೇ ಇದೆ. ನಿನ್ನ ಕ್ಷೇಮಸಮಾಚಾರ ಕೇಳುವುದು ವಾಡಿಕೆ. ಆದರೆ ನೀನು ಹುಟ್ಟೇ ಇಲ್ಲವೆಂದು ತಿಳಿದ ಮೇಲೆ ಆ ಸಾಲು ಕೈಬಿಟ್ಟಿದ್ದೇನೆ, ತಪ್ಪು ತಿಳಿಯಬೇಡ.

2020ರ ಮಾತು. ಕೊರೊನಾ ಬಂದು ಸಾಲಿಗಳೆಲ್ಲ ಬಾಗಿಲು ಹಾಕಿದ್ದವು, ಹುಡುಗರ ಕೈಗೆ ಮೊಬೈಲು ಬಂದಿತ್ತು, ಆ ಮೊಬೈಲಿನಲ್ಲಿ ನೀನು ಬಂದೆ. ಮಕ್ಕಳಿಗೆ ಆನ್‌ಲೈನಿನಲ್ಲಿ ಕೋಡಿಂಗ್ ಕಲಿಸುತ್ತಿದ್ದ ವೈಟ್‌ಹ್ಯಾಟ್ ಜೂನಿಯರ್‌ನವರ ಜಾಹೀರಾತು: ಕೋಡಿಂಗ್ ಕಲಿತೆ, ಮೀಸೆ ಚಿಗುರುವ ಮೊದಲೇ ಗೂಗಲ್‌ನಲ್ಲಿ ನೌಕರಿ ಹಿಡಿದೆ. ಒಂದು ಕಡೆ ನಿನ್ನ ಸಂಬಳ 1.2 ಕೋಟಿ, ಇನ್ನೊಂದು ಕಡೆ 20 ಕೋಟಿ. ವಯಸ್ಸೂ ಜಾಹೀರಾತಿನಿಂದ ಜಾಹೀರಾತಿಗೆ ಹಿಂದೆಮುಂದೆ. ನಮ್ಮ ಕಡೆ ಆಧಾರ್ ಕಾರ್ಡಿನಲ್ಲಿ ಒಂದು ವರ್ಷ ತಪ್ಪು ಬಿದ್ದರೆ ಚಪ್ಪಲಿ ಸವೆಯುತ್ತದೆ, ನಿನಗೆ ಮಾತ್ರ ಯಾರೂ ದಾಖಲೆ ಕೇಳಲಿಲ್ಲ. ಓಣಿಯ ತಾಯಂದಿರು ಮಾತ್ರ ಮಕ್ಕಳನ್ನು ಕೇಳಿದರು: "ಆ ಹುಡುಗಾ ಕುಂತಲ್ಲೇ ಕೋಟಿ ಎಣಸಾಕತ್ತಾನ, ನೀ ಇನ್ನಾ ಚಿಣಿಪಣಿ ಆಡಕೋತ ಅದೀಯಲ್ಲೋ!"

ಅದೇ ಕಂಪನಿಯ ಇನ್ನೊಂದು ಜಾಹೀರಾತಿನ ನಿನ್ನ ಗೆಳೆಯ ಚಿಂಟುವನ್ನೂ ಕೇಳಿದ್ದೇನೆಂದು ಹೇಳು. ಅವನು ಆ್ಯಪ್ ಮಾಡಿದ್ದಕ್ಕೆ ದುಡ್ಡು ಹಾಕುವವರು ಮನೆ ಮುಂದೆ ಬಡಿದಾಡಿದರಂತೆ. ನಮ್ಮ ತಿಕೋಟಾ, ಬಬಲೇಶ್ವರದ ಕಡೆ ಒಣದ್ರಾಕ್ಷಿ ಮಾಡಿದವನ ಮನೆ ಮುಂದೆ ಇನ್ನೂ ಯಾರೂ ಬಡಿದಾಡಿಲ್ಲ. ಅವನೇ ಬಾಕ್ಸು ಹೇರಿಕೊಂಡು ತಾಸಗಾವ, ಸಾಂಗ್ಲಿಗೆ ಹೋಗಿ ದಲಾಲರ ಮುಂದೆ ನಿಲ್ಲುತ್ತಾನೆ.

ಆಮೇಲಿನದು ನಿನಗೇ ಗೊತ್ತಿರಬೇಕು. ಆ ಆಗಸ್ಟ್‌ನಲ್ಲಿ ಆನ್‌ಲೈನ್ ಪಾಠದ ಬೈಜೂಸ್ 30 ಕೋಟಿ ಡಾಲರಿಗೆ ನಿನ್ನ ಕಂಪನಿಯನ್ನು ಕೊಂಡಿತು. ಅಕ್ಟೋಬರ್‌ನಲ್ಲಿ ಜಾಹೀರಾತು ಗುಣಮಟ್ಟ ಮಂಡಳಿ ಐದು ಜಾಹೀರಾತುಗಳನ್ನು ತೆಗೆಸಿತು. ಈ ಹುಡುಗ ಯಾರು, ಎಲ್ಲಿದ್ದಾನೆ ಎಂದು ಕೆಣಕುತ್ತಿದ್ದ ಎಂಜಿನಿಯರೊಬ್ಬನ ಮೇಲೆ ನಿನ್ನವರು 20 ಕೋಟಿಯ ಮಾನನಷ್ಟ ದಾವೆ ಹೂಡಿ, 2021ರಲ್ಲಿ ಹಿಂದೆ ತೆಗೆದುಕೊಂಡರು. ಲೆಕ್ಕ ನೋಡು, ಸರಿಯಾಗಿ ನಿನ್ನ ಒಂದು ಸಂಬಳ! 2024ರಲ್ಲಿ ನ್ಯಾಯಮಂಡಳಿ ಬೈಜೂಸ್ ಮೇಲೆ ದಿವಾಳಿ ಪ್ರಕ್ರಿಯೆ ಶುರು ಮಾಡಿತು. ಅದಕ್ಕೂ ಮೊದಲು, 2023ರ ಜನವರಿಯಲ್ಲಿ, ಗೂಗಲ್ 12,000 ಜನರನ್ನು ಮನೆಗೆ ಕಳಿಸಿತು. ಆ ಪಟ್ಟಿಯಲ್ಲಿ ನಿನ್ನ ಹೆಸರಿತ್ತೇನಪಾ? ಮರುವರ್ಷ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಅವರು, ತಮ್ಮಲ್ಲಿ ಹೊಸ ಕೋಡ್‌ನ ಕಾಲುಭಾಗಕ್ಕೂ ಹೆಚ್ಚನ್ನು ಎಐ ಬರೆಯುತ್ತದೆ, ಎಂಜಿನಿಯರುಗಳು ನೋಡಿ ಒಪ್ಪುತ್ತಾರೆ ಎಂದರು. ಅಂದರೆ ಹುಟ್ಟದ ಹುಡುಗನ ಕೆಲಸವನ್ನು ಹುಟ್ಟದ ಇನ್ನೊಬ್ಬ ಕಸಿದುಕೊಂಡ. ನಿಮ್ಮಿಬ್ಬರ ವ್ಯವಹಾರ, ನಾನು ನಡುವೆ ಬರುವುದಿಲ್ಲ.

ನನ್ನ ತಕರಾರು ಬೇರೆ. ನೀನು ಹೋದರೂ ನಿನ್ನ ತಮ್ಮಂದಿರು ನಗರದ ಗೋಡೆಗಳ ಮೇಲೆ ಉಳಿದಿದ್ದಾರೆ: "ಒಂದೇ ವಾರದಲ್ಲಿ ಎಐ", "ಮೂರನೇ ಇಯತ್ತೆಯಿಂದಲೇ ಪೈಥಾನ್". ಎಂಐಟಿಯವರು 2007ರಿಂದ ಜಗತ್ತಿಗೇ ಪುಕ್ಕಟೆ ಕೊಟ್ಟಿರುವ ಸ್ಕ್ರಾಚ್ ಎಂಬ ಕೋಡಿಂಗ್ ಭಾಷೆಯ ಬೆಕ್ಕನ್ನು ಎಡದಿಂದ ಬಲಕ್ಕೆ ನಡೆಸಲು ಒಂದು ಕ್ಲಾಸಿನವರು ಕೇಳುವ ಫೀಯಲ್ಲಿ ನಿಜವಾದ ಎಮ್ಮೆಯ ಮೊದಲ ಕಂತು ಕಟ್ಟಬಹುದು. ಕೋರ್ಸಿನ ಕೊನೆಗೆ ಸರ್ಟಿಫಿಕೇಟು, ಕರಿಟೊಪ್ಪಿಗೆ, ಫೋಟೊ.

ಸರ್ಕಾರ ಸುಮ್ಮನೆ ಕುಳಿತಿಲ್ಲ, ಅದನ್ನೂ ಹೇಳಬೇಕು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ 2016ರಿಂದ ಇದೆ, ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಸೆನ್ಸರು, ಮೋಟರು, ಬೆಸುಗೆ ಕಡ್ಡಿ, ತ್ರೀಡಿ ಪ್ರಿಂಟರು, ಎಲ್ಲ ಕೈಯಿಂದ ಮುಟ್ಟಿ ಕಲಿಯಲೆಂದೇ ಕೊಟ್ಟದ್ದು. ನಾನು ನೋಡಿದ ಒಂದು ಲ್ಯಾಬಿನಲ್ಲಿ ಪ್ರಿಂಟರಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಅದರ ಮೇಲೆ ಮಾತ್ರ ಖಂಡೇನವಮಿಯ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂ. "ಹುಡುಗರು ಮುಟ್ಟಿದ್ರ ಕೆಡ್ತದ್ರೀ, ಆಡಿಟ್‌ನಾಗ ಯಾರು ಉತ್ತರ ಕೊಡಬೇಕು?" ಎಂದರು ಗುರುಗಳು. ಅವರ ಭಯಕ್ಕೆ ನಾನು ನಗುವಂತಿಲ್ಲ. ಕೆಟ್ಟರೆ ಕೇಳುವವರು ಹತ್ತು ಜನ, ಬಳಸದೆ ತುಕ್ಕು ಹಿಡಿದರೆ ಒಬ್ಬರೂ ಕೇಳುವುದಿಲ್ಲ. ಇಂಥ ಲ್ಯಾಬಿಗೆ ಮೇಷ್ಟ್ರಾಗಿ ನೀನೇ ತಕ್ಕವನು. ಏನನ್ನೂ ಮುಟ್ಟುವುದಿಲ್ಲ.

ಮುಟ್ಟುವ ಹುಡುಗರು ಹೊಲದಲ್ಲಿದ್ದಾರೆ. ತ್ರೀ ಫೇಸ್ ಕರೆಂಟು ಸರಿರಾತ್ರಿಗೆ ಬರುವ ಊರಲ್ಲಿ ಬೋರ್‌ವೆಲ್ ಪಕ್ಕ ಮೊಬೈಲ್ ಸ್ಟಾರ್ಟರು ಇರುತ್ತದೆ. ಒಳಗೊಂದು ಸಿಮ್, ಫೋನು ಹಚ್ಚಿದರೆ ಮೋಟರು ಶುರು. ನೀರು ಬತ್ತಿದರೆ ತಾನೇ ನಿಲ್ಲಬೇಕು, ಒಂದು ಫೇಸ್ ಹೋದರೂ ನಿಲ್ಲಬೇಕು. ಹತ್ತನೇ ಇಯತ್ತೆ ಫೇಲಾದವನು ಆ ಡಬ್ಬಿಯ ಮುಚ್ಚಳ ತೆಗೆದು, ಯಾವ ರಿಲೇ ಸುಟ್ಟಿದೆ ಎಂದು ಮೂಸಿಯೇ ಹೇಳುತ್ತಾನೆ. "ಹೀಗಾದರೆ ಹಾಗೆ, ಇಲ್ಲದಿದ್ದರೆ ಹೀಗೆ" ಎನ್ನುವುದೇ ಕೋಡಿಂಗ್‌ನ ಹೊಟ್ಟೆ ಎಂದು ಅವನಿಗೆ ಯಾರೂ ಹೇಳಿಲ್ಲ. ಹೇಳುವವರು ಫೀ ಕೇಳುತ್ತಾರೆ.

ಕಲಿಸುವ ಮಾತು ಬಂತೆಂದು ಹೇಳುತ್ತೇನೆ: ಗಣಿತಜ್ಞ ಭಾಸ್ಕರಾಚಾರ್ಯ ನಮ್ಮ ವಿಜಯಪುರದವನೇ ಎಂದು ನಾವು ಎದೆತಟ್ಟಿಕೊಳ್ಳುತ್ತೇವೆ, ಅವನು ತನ್ನೂರೆಂದು ಹೇಳಿದ ಬಿಜ್ಜಡಬಿಡ ಬೇರೆ ಊರು ಎನ್ನುವ ವಿದ್ವಾಂಸರೂ ಇದ್ದಾರೆ. ಅದೇನೇ ಇರಲಿ, 1150ರ ಸುಮಾರಿಗೆ ಅವನು ಬರೆದ ಲೀಲಾವತಿಯಲ್ಲಿ ಒಂದು ಲೆಕ್ಕವಿದೆ: ಕೊಳದ ತಾವರೆ ನೀರಿನ ಮೇಲೆ ಅರ್ಧ ಮೊಳ ಎದ್ದಿದೆ, ಗಾಳಿಗೆ ಬಾಗಿ ಎರಡು ಮೊಳ ಆಚೆ ಮುಳುಗಿತು, ಆಳವೆಷ್ಟು? ಉತ್ತರ ಮೂರೂಮುಕ್ಕಾಲು ಮೊಳ. ಈ ಲೆಕ್ಕ ಬಿಡಿಸಿದರೆ ಸಂಬಳವೆಷ್ಟು ಎಂದು ಅವನು ಬರೆದಿಟ್ಟಿಲ್ಲ. ಹೀಗಾಗಿಯೇ ಅವನ ಕ್ಲಾಸಿಗೆ ಜಾಹೀರಾತು ಬರಲಿಲ್ಲವೇನೋ.

ಇನ್ನು ನಿನ್ನಿಂದ ಒಂದು ಕೆಲಸ ಆಗಬೇಕು. ನಮ್ಮ ಓಣಿಯ ಒಂಬತ್ತನೇ ಇಯತ್ತೆಯ ಹುಡುಗಿಯ ಅಜ್ಜಿ ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ ಹಾಕಿದ್ದಾಳೆ. ಪೊಟ್ಯಾಸಿಯಂ ಕಾರ್ಬೊನೇಟು, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಗೊನೆ ಅದ್ದಿ, ಜಾಳಿಗೆಯ ಮೇಲೆ ಹರವಿದರೆ ಹದಿನೈದು ದಿನದ ಸುಮಾರಿಗೆ ಒಣಗುತ್ತದೆ. ನಡುವೆ ಮಳೆಯ ಎರಚಲು ಬಡಿದರೆ ಬಣ್ಣ ಕಪ್ಪಾಗಿ ದರ ಬೀಳುತ್ತದೆ. ವಿಜ್ಞಾನದ ಗುರುಗಳೊಬ್ಬರು ತಮ್ಮ ಜವಾಬ್ದಾರಿಯ ಮೇಲೆ ಶಾಲೆಯ ಲ್ಯಾಬಿನಿಂದ ಆರ್ಡುಯಿನೊ ಎಂಬ ಪುಟ್ಟ ಕೋಡಿಂಗ್ ಬೋರ್ಡು ಕೊಟ್ಟರು. ಹುಡುಗಿ ಅದಕ್ಕೆ ನೂರಿನ್ನೂರು ರೂಪಾಯಿಯ ತೇವಾಂಶ ಸೆನ್ಸರು ಹಚ್ಚಿದಳು. ತೇವ ಹೆಚ್ಚಾದರೆ ಬಜರ್ ಕೂಗಬೇಕು, ಅಜ್ಜಿ ಎದ್ದು ತಾಡಪತ್ರಿ ಇಳಿಸಬೇಕು.

ಹುಡುಗಿ ಮೊದಲು ತೇವದ ಮಿತಿಯನ್ನು ಶೇಕಡಾ 60ಕ್ಕೆ ಇಟ್ಟಳು. ನಸುಕಿನಲ್ಲಿ ತೇವ ಏರುವುದು ಸಹಜ, ದಿನಾ ನಾಲ್ಕಕ್ಕೆ ಕೂಗಿತು, ಅಜ್ಜಿ ಅದನ್ನು ಕೊಡದ ನೀರಿಗೆ ಹಾಕುತ್ತೇನೆಂದಳು. ಹುಡುಗಿ 80ಕ್ಕೆ ಏರಿಸಿದಳು. ಮಳೆ ಮೊದಲು ಬಂತು, ಬಜರ್ ಆಮೇಲೆ ಕೂಗಿತು. ಈಗ ಅವಳ ತಲೆಯಲ್ಲಿರುವುದು ಇದು: ತೇವ ಎಷ್ಟಿದೆ ಎಂದು ನೋಡುವುದನ್ನು ಬಿಟ್ಟು, ಎಷ್ಟು ಬೇಗ ಏರುತ್ತಿದೆ ಎಂದು ನೋಡಿದರೆ ಹೇಗೆ? ಹಾಗಾದರೆ ಎಷ್ಟು ನಿಮಿಷಕ್ಕೊಮ್ಮೆ ಅಳೆಯಬೇಕು? ಏಪ್ರಿಲ್ ಮಳೆಗೆ ಮೊದಲು ಉತ್ತರ ಬೇಕು. ಗೊತ್ತಿದ್ದರೆ ಬರೆ. ಗೊತ್ತಿಲ್ಲದಿದ್ದರೆ ಬಂದು ಜಾಳಿಗೆ ಹಿಡಿ, ದಿನಗೂಲಿ ರೊಕ್ಕದಲ್ಲಿ, ಊಟ ಶೆಡ್ಡಿನಲ್ಲೇ.

ಇಂತಿ,
ಭೂತನಾಳದ ಕಾಕಾ