ವರಪರೀಕ್ಷೆ ಮತ್ತು ಉಮೇದುವಾರ ಪರೀಕ್ಷೆ: ಒಂದು ತೌಲನಿಕ ಮೀಮಾಂಸೆ

ಹೆಂಗಸರೊಡನೆ ನಡೆದುಕೊಳ್ಳುವ ರೀತಿಗೂ ಅಧಿಕಾರದ ಯೋಗ್ಯತೆಗೂ ಸಂಬಂಧವುಂಟೇ ಎಂದು ಅಮೆರಿಕದವರು 2016ರಲ್ಲಿ ಟ್ರಂಪ್ ಸಾಹೇಬರ ನೆಪದಲ್ಲಿ ಚರ್ಚಿಸಿದರು. ಬಗೆಹರಿಯದೆ 2024ರಲ್ಲಿ ಮತ್ತೆ ಚರ್ಚಿಸಿದರು. ನಮ್ಮ ಉಡುಪಿ ಜಿಲ್ಲೆಯ ಕೋಟೇಶ್ವರದಲ್ಲಿ ಈ ಶಾಸ್ತ್ರ ಎಂದೋ ಸಿದ್ಧವಾಗಿದೆ. ಅನ್ವಯಿಸಿದ್ದು ಮದುವೆ ಗಂಡಿಗೆ ಮಾತ್ರ.

ಮೊದಲು ಪ್ರಮಾಣ ವಿಚಾರ. ಕೊಡಿ ಹಬ್ಬಕ್ಕೆ ಬಂದು, ಕೋಟಿಲಿಂಗೇಶ್ವರನ ತೇರು ನೋಡಿ, ಕಬ್ಬಿನ ಕೊಡಿ ಹಿಡಿದು ಮನೆಗೆ ಹೋಗುವ ಹೊಸ ಜೋಡಿಗಳ ಹಿಂದೆ ದೊಡ್ಡ ತನಿಖೆಯೇ ನಡೆದಿರುತ್ತದೆ. ಗಂಡಿನ ಸಂಬಳ, ಜಾಗ, ಜಾತಕ ಗಂಡಸರ ಇಲಾಖೆ. ಹುಡುಗಿಯ ದೊಡ್ಡಮ್ಮ ವಿಚಾರಿಸುವುದು ಆ ಮನೆಗೆ ದಿನಾ ಮೀನು ಕೊಡುವ ಹೆಂಗಸನ್ನು. ಬಂಗುಡೆಯ ಕಿವಿರು ಎತ್ತಿ ನೋಡುತ್ತಲೇ ಕೇಳುತ್ತಾರೆ: "ಅವ ಅಬ್ಬಿ ಹತ್ರ ಹ್ಯಾಂಗ್ ಮಾತಾಡ್ತ, ಹೇಳ್ ಕಾಂಬ?" ಆಕೆ ಒಂದು ಗಳಿಗೆ ಸುಮ್ಮನಿದ್ದು, "ಬಂಗ್ಡಿ ಒಳ್ಳೆದಿತ್ ಅಮ್ಮ, ತಕಣಿ" ಎಂದರೆ ಸಂಬಂಧ ಅಲ್ಲಿಗೇ ಮುರಿಯಿತು.

ಇನ್ನು ಉಮೇದುವಾರ. ನಮೂನೆ 26ರ ಪ್ರಮಾಣಪತ್ರದಲ್ಲಿ ಹೆಂಡತಿಯ ಚಿನ್ನವನ್ನೂ ತೂಕ, ಬೆಲೆ ಸಮೇತ ಬರೆಯಬೇಕು. ಅದನ್ನು ಅಡವಿಡುವಾಗ ಆಕೆಯನ್ನು ಒಂದು ಮಾತು ಕೇಳಿದ್ದುಂಟೇ ಎಂಬುದಕ್ಕೆ ಕಾಲಂ ಇಲ್ಲ. ಕಾನೂನು ಪೂರ್ತಿ ಕುರುಡಲ್ಲ ಎನ್ನಿ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 8ನೇ ಕಲಂ ಅತ್ಯಾಚಾರದ ಜೊತೆಗೆ, ಹೆಂಡತಿಗೆ ಹಿಂಸೆ ಕೊಡುವ, ಹಳೆಯ ಭಾರತೀಯ ದಂಡ ಸಂಹಿತೆಯ 498ಎ ಅಪರಾಧವನ್ನೂ ಅನರ್ಹತೆಗೆ ಕಾರಣವೆಂದು ಹೆಸರಿಸಿದೆ. ಆದರೆ ಕೋರ್ಟು ತಪ್ಪಿತಸ್ಥ ಎನ್ನಬೇಕು. ಅಷ್ಟರೊಳಗೆ ಮನುಷ್ಯ ಎರಡು ಸಲ ಶಾಸಕ, ಒಮ್ಮೆ ನಿಗಮದ ಅಧ್ಯಕ್ಷ.

"ಮನೆ ಸಂಗತಿ ಬೇರೆ, ರಾಜಕೀಯ ಬೇರೆ" ಎಂಬುದು ಪೂರ್ವಪಕ್ಷ. ಖಂಡನೆಗೆ 2012ರ ಫೆಬ್ರವರಿ 7 ಸಾಕು. ವಿಧಾನಸಭೆಯೊಳಗೆ ಬಿಜೆಪಿ ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ್ದು ಟಿವಿ ಕ್ಯಾಮೆರಾಕ್ಕೆ ಸಿಕ್ಕಿತು. ಮರುದಿನ ಲಕ್ಷ್ಮಣ ಸವದಿ, ಸಿ.ಸಿ. ಪಾಟೀಲ, ಕೃಷ್ಣ ಪಾಲೆಮಾರ್ ಮೂವರೂ ಸಚಿವ ಸ್ಥಾನ ಬಿಟ್ಟರು. ಪಾಟೀಲರದು ಮಹಿಳಾ ಮತ್ತು ಮಕ್ಕಳ ಕಲ್ಯಾಣ ಖಾತೆ. ರೇವ್ ಪಾರ್ಟಿಯ ಕೆಡುಕು ತಿಳಿಯಲೆಂದು ನೋಡಿದ್ದು ಎಂಬುದು ಸವದಿಯವರ ಸಮಜಾಯಿಷಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಮೋಜಿನ ಕೂಟ ಆಗಷ್ಟೇ ಸುದ್ದಿಯಾಗಿತ್ತು. ಹೀಗೆ ನಮ್ಮ ಜಿಲ್ಲೆಯ ಕಡಲೂ ಸಂಶೋಧನೆಗೆ ಒದಗಿತು. ಮುಂದಿನ ತಿಂಗಳೇ ಉಡುಪಿ-ಚಿಕ್ಕಮಗಳೂರು ಉಪಚುನಾವಣೆ. ಬಿಜೆಪಿ ಕೈಲಿದ್ದ ಸೀಟು ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆಯವರ ಪಾಲಾಯಿತು. ಕಾರ್ಯಕಾರಣ ಸಂಬಂಧ ಉಂಟೋ ಇಲ್ಲವೋ, ವಿದ್ವಾಂಸರು ಕಾದಾಡಿಕೊಳ್ಳಲಿ. 2019ರಲ್ಲಿ ಸವದಿ ಉಪಮುಖ್ಯಮಂತ್ರಿ, ಪಾಟೀಲರು ಪುನಃ ಸಚಿವರು. ಪುನರ್ಜನ್ಮಕ್ಕೆ ಇಷ್ಟು ಸ್ಪಷ್ಟ ನಿದರ್ಶನ ಗರುಡ ಪುರಾಣದಲ್ಲೂ ಸಿಗದು.

ಹಾಸನದ್ದು ತಮಾಷೆಗೆ ಒಗ್ಗುವುದಿಲ್ಲ. 2024ರ ಏಪ್ರಿಲ್ 26ರಂದು ನಾವಿಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡ ದಿನವೇ ಅಲ್ಲೂ ಮತದಾನ. ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ್ದೆನ್ನಲಾದ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಅದಕ್ಕೆ ಮೊದಲೇ ಊರೂರು ತಿರುಗಿದ್ದವು. ಅಲ್ಲಿ ಮತ್ತೆ ಕಣಕ್ಕಿಳಿದಿದ್ದ ಸಂಸದ ಪ್ರಜ್ವಲ್ ರೇವಣ್ಣ ಸೋತರು, ಆದರೆ ಆರು ಲಕ್ಷಕ್ಕೂ ಹೆಚ್ಚು ಮತ ಪಡೆದು ಸೋತರು. ಮನೆಗೆಲಸದ ಹೆಂಗಸಿನ ಮೇಲಿನ ಅತ್ಯಾಚಾರಕ್ಕೆ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದ್ದು 2025ರ ಆಗಸ್ಟ್ 2ರಂದು. ಟಿಕೆಟ್ ಕೊಡುವ ಮುಂಚೆ ಕೆಲಸದವರನ್ನು ಕರೆದು ಕೇಳುವ ಪದ್ಧತಿ ಯಾವ ಪಕ್ಷದಲ್ಲೂ ಇಲ್ಲ.

ಆದ್ದರಿಂದ ಸಿದ್ಧಾಂತ: ಪ್ರತಿ ಪಕ್ಷದ ಆಯ್ಕೆ ಸಮಿತಿಯಲ್ಲಿ ಮೀನು ಮಾರುವವರು ಒಬ್ಬರು, ಮನೆಗೆಲಸದವರು ಒಬ್ಬರು ಇರತಕ್ಕದ್ದು, ಅವರು ಸುಮ್ಮನಾದರೆ ಅರ್ಜಿ ತಿರಸ್ಕೃತ. ಈ ಕರಡನ್ನು ಸ್ಥಳೀಯ ಮುಖಂಡರೊಬ್ಬರಿಗೆ ತೋರಿಸಿದೆ. ಕನ್ನಡಕ ತೆಗೆದು, ಎರಡು ಸಲ ಓದಿ, ನಿಜಕ್ಕೂ ಚಿಂತೆಯಿಂದ ಹೇಳಿದರು: "ಎಲ್ಲ ಸರಿ ಮಾರಾಯ್ರೆ, ಆರೆ ಹಾಂಗ್ ಮಾಡ್ರೆ ನಮ್ಗೆ ನಿಲ್ಸುಕೆ ಗಂಡ್ಸ್ರ್ ಸಿಕ್ಕುದಿಲ್ಲ."