ಅಧ್ಯಕ್ಷರಿಗೆ ಕಾಣದ ಪುಟ

"ಗೂಗಲ್‌ನಲ್ಲಿ ನಿಮ್ಮ ಕನ್ನಡ ಸಂಘ ಹುಡುಕಿ ಒತ್ತಿದರೆ ರಮ್ಮಿ ಆಟ ಬರುತ್ತಲ್ಲ ಸಾರ್" ಎಂದು ಮೊದಲು ದೂರಿದವರು ನಿವೃತ್ತ ಮೇಷ್ಟ್ರೊಬ್ಬರು. ಇಷ್ಟು ದಿನ ಅವರು ಯಾಕೆ ಸುಮ್ಮನಿದ್ದರು ಎಂಬುದನ್ನು ನಾನು ಕೆದಕಲಿಲ್ಲ. ಆಮೇಲೆ ಒಬ್ಬ ಸದಸ್ಯೆಗೆ ತೂಕ ಇಳಿಸುವ ಮಾತ್ರೆಯ ಜಾಹೀರಾತು ಬಂತು. ಆಕೆ ಅದನ್ನು ಸಮಿತಿಯವರೇ ಬೇಕೆಂದು ಮಾಡಿದ್ದೆಂದು ಈಗಲೂ ನಂಬಿದ್ದಾರೆ.

ಅಧ್ಯಕ್ಷರು ತಮ್ಮ ಕಂಪ್ಯೂಟರಿನಲ್ಲಿ ಸಂಘದ ಜಾಲತಾಣ ತೆರೆದರು. ಭುವನೇಶ್ವರಿ, ಬಾವುಟ, ಕೆಳಗೆ ಹಾರ ಹಾಕಿಸಿಕೊಂಡ ಅಧ್ಯಕ್ಷರು. "ಎಲ್ಲ ಸರಿಯಾಗೇ ಇದೆಯಲ್ರೀ!"

ತಾಣದೊಳಗೆ ನುಸುಳುವ ಇಂಥ ಕುತಂತ್ರಾಂಶದ ಜಾಣತನವೇ ಅದು. ನಿರ್ವಾಹಕರಾಗಿ ಲಾಗಿನ್ ಆದವರಿಗೂ ವಿಳಾಸ ಬರೆದು ನೇರ ಬಂದವರಿಗೂ ತಾಣವನ್ನು ಇನ್‌ಸ್ಪೆಕ್ಟರ್ ಬರುವ ದಿನದ ಶಾಲೆಯ ಹಾಗೆ ನೀಟಾಗಿ ತೋರಿಸುತ್ತದೆ. ಗೂಗಲ್ ಮೂಲಕ ಮೊಬೈಲಿನಲ್ಲಿ ಬಂದವರನ್ನಷ್ಟೇ ರಮ್ಮಿಗೆ ಅಟ್ಟುತ್ತದೆ. ಒಮ್ಮೆ ಅಟ್ಟಿದವರಿಗೆ ಕುಕಿಯ ಗುರುತಿಟ್ಟು, ಮತ್ತೆ ಬಂದರೆ ಸುಮ್ಮನಿರುವುದೂ ಉಂಟು. ಹಾಗಾಗಿ ಮೇಷ್ಟ್ರು ಸಾಕ್ಷಿಗೆಂದು ಸಭೆಯಲ್ಲಿ ಮೊಬೈಲ್ ಹಿಡಿದರೆ ಅದರಲ್ಲೂ ಅಧ್ಯಕ್ಷರೇ ಬಂದರು. ಪಾಪ, ಮೇಷ್ಟ್ರ ಮಾತಿಗೆ ಇದ್ದ ಬೆಲೆಯೂ ಹೋಯಿತು.

ನಾನು ವಿಳಾಸವನ್ನು ವೈರಸ್‌ಟೋಟಲ್‌ಗೆ ಹಾಕಿದೆ. ಅದು 70ಕ್ಕೂ ಹೆಚ್ಚು ತಪಾಸಕರ ಅಭಿಪ್ರಾಯ ಒಟ್ಟುಮಾಡಿ ಕೊಡುತ್ತದೆ. ಇಬ್ಬರು ಮಾತ್ರ ಅಪಾಯ ಎಂದರು. "ಬಹುಮತ ನಮ್ಮ ಕಡೆಯೇ ಇದೆ" ಎಂದರು ಅಧ್ಯಕ್ಷರು. ಆದರೆ ಈ ವಿದ್ಯೆಯಲ್ಲಿ ಭಿನ್ನಮತೀಯರನ್ನೇ ಮೊದಲು ಕೇಳಬೇಕು. ಗೂಗಲ್‌ನಲ್ಲಿ ನಮ್ಮ ತಾಣದ ಪುಟಗಳನ್ನಷ್ಟೇ ಹುಡುಕಿದರೆ, ರಾಜ್ಯೋತ್ಸವದ ವರದಿಯ ಹಿಂದೆಯೇ ಸಾಲು ಸಾಲು ಜಪಾನಿ ಪುಟಗಳು! ಚೀಲ, ಬೂಟು, ಗಡಿಯಾರದ ವ್ಯಾಪಾರ. ಹುಡುಕಾಟದಲ್ಲಿ ನಕಲಿ ಮಾಲು ಮೇಲೆ ಬರಲೆಂದು ಬಡಪಾಯಿ ತಾಣಗಳೊಳಗೆ ಹೀಗೆ ಪುಟ ತುರುಕುವುದು ಹಳೆಯ ದಂಧೆ.

ಕಡತಗಳನ್ನು ಬಿಚ್ಚಿದೆ. ಫೋಟೋಗಳಷ್ಟೇ ಇರಬೇಕಾದ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಕಡತವೊಂದು ಕೂತಿತ್ತು; ಒಳಗೆ ಬೇಸ್64ರಲ್ಲಿ ಸುತ್ತಿಟ್ಟ, ಕಣ್ಣಿಗೆ ಅರ್ಥವಾಗದ ಅಕ್ಷರರಾಶಿ. ಅದು ಬಂದ ದಾರಿಯೂ ಕಂಡಿತು: ದುಡ್ಡು ಕೊಟ್ಟು ಕೊಳ್ಳಬೇಕಾದ ವರ್ಡ್‌ಪ್ರೆಸ್ ಥೀಮನ್ನು ಯಾರೋ ಪುಕ್ಕಟೆ ಇಳಿಸಿಕೊಟ್ಟಿದ್ದರು. ಆ ಉಳಿತಾಯಕ್ಕೆ ಹಿಂದಿನ ವರ್ಷ ಖಜಾಂಚಿಗೆ ಶಾಲು ಹೊದಿಸಿದ್ದೆವು. ನಿರ್ವಾಹಕರ ಪಟ್ಟಿಯಲ್ಲಿ ಗುರುತಿಲ್ಲದ ಹೆಸರೊಂದಿತ್ತು. ಒಂದು ಸಭೆಗೂ ಬಾರದ, ಒಂದು ಕಪ್ ಕಾಫಿಯನ್ನೂ ಕುಡಿಯದ ಆ ಸದಸ್ಯ ಇಡೀ ಕಾರ್ಯಕಾರಿ ಸಮಿತಿಗಿಂತ ಹೆಚ್ಚು ಪುಟ ಬರೆದಿದ್ದ.

ಅವನನ್ನು ಉಚ್ಚಾಟಿಸಿ, ಥೀಮ್ ಕಿತ್ತು, ವರ್ಡ್‌ಪ್ರೆಸ್ ಹೊಸದಾಗಿ ಹಾಕಿ, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆ. ಸಂಘದ ಹೆಸರಿನ ಮುಂದೆ ಸ್ಥಾಪನೆಯಾದ ಇಸವಿ ಸೇರಿಸಿದ್ದೇ ಹಳೆಯ ಪಾಸ್‌ವರ್ಡು. ಬಾಗಿಲ ಫಲಕದ ಮೇಲೂ ಅದೇ ಇದೆ. ಸರ್ಚ್ ಕನ್ಸೋಲಿನಲ್ಲಿ ಗೂಗಲ್‌ಗೆ ಮರುಪರಿಶೀಲನೆಯ ಅರ್ಜಿಯನ್ನೂ ಹಾಕಿದೆ.

ತಾಣ ಶುದ್ಧವಾಯಿತು, ಭೇಟಿ ಕೊಡುವವರ ಸಂಖ್ಯೆ ನೆಲ ಕಚ್ಚಿತು. ಕಾರ್ಯದರ್ಶಿಗಳಿಗೆ ಬೇಸರ. ಅಷ್ಟರಲ್ಲಿ ವಾರ್ಷಿಕ ವರದಿ ಅಚ್ಚಾಗಿತ್ತು: "ಈ ಸಾಲಿನಲ್ಲಿ ನಮ್ಮ ಜಾಲತಾಣಕ್ಕೆ ಜಪಾನಿನಿಂದಲೂ ಅಪಾರ ಬೆಂಬಲ ದೊರೆತಿದೆ." ಸರ್ವಸದಸ್ಯರ ಸಭೆ ಚಪ್ಪಾಳೆ ತಟ್ಟಿ ಅಂಗೀಕರಿಸಿತು.