ಗಂಟೆ ಎಷ್ಟಾಯ್ತು?

ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯುವವರು ಎದುರಾದರೆ 'ಊಟ ಆಯ್ತಾ' ಎನ್ನುವುದಿಲ್ಲ, 'ಎಷ್ಟು ಗಂಟೆ ಆಯ್ತು' ಎನ್ನುತ್ತಾರೆ. ಹಾರಿದ ಗಂಟೆ! ಖಾಸಗಿ ಲೈಸೆನ್ಸಿಗೆ 40, ಕಮರ್ಷಿಯಲ್‌ಗೆ 200. ಅದರಲ್ಲಿ 300 ನಾಟಿಕಲ್ ಮೈಲಿಯ, ಅಂದರೆ ಸುಮಾರು 555 ಕಿ.ಮೀ. ದೂರದ ಒಂದು ಪಯಣ. ನಡುವೆ ಎರಡು ಕಡೆ ಇಳಿದು ಹತ್ತಬೇಕು. ಇದೇ ಕ್ರಾಸ್‌ಕಂಟ್ರಿ.

ಕೊಡಗಿನ ನಮ್ಮ ಕರಿಕೆಯ ಜೀಪಿನವರದ್ದೂ ಗಂಟೆಯ ಲೆಕ್ಕವೇ. ಭಾಗಮಂಡಲ ಎಷ್ಟು ದೂರ ಎಂದು ಕೇಳಿ ನೋಡಿ. 'ಮಳೆ ಇಲ್ಲದಿದ್ರೆ ಒಂದು ಗಂಟೆ. ಮರ ಬಿದ್ದಿದ್ರೆ ನಾಳೆ ಹೇಳ್ತೇನೆ.' ಕೇರಳದ ಪಾಣತ್ತೂರಿನ ಕಡೆ ಹೊರಟರಂತೂ ರಾಜ್ಯವೇ ದಾಟಿತು, ಕ್ರಾಸ್‌ಕಂಟ್ರಿ ಅಲ್ಲದೆ ಇನ್ನೇನು? ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದೆ, ಹೊಟ್ಟೆ ತೊಳಸುತ್ತದೆ. ಗಗನಸಖಿಯ ಬದಲು ಡ್ರೈವರಣ್ಣನೇ ಹಿಂದೆ ತಿರುಗದೆ ಪ್ಲಾಸ್ಟಿಕ್ ಚೀಲ ದಾಟಿಸುತ್ತಾನೆ.

ವ್ಯತ್ಯಾಸ ಒಂದೇ. ಪೈಲಟ್‌ಗಳು ಪ್ರತಿ ಹಾರಾಟವನ್ನೂ ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು, ಸುಳ್ಳು ಗಂಟೆ ಸೇರಿಸಿದರೆ ಲೈಸೆನ್ಸಿಗೇ ಸಂಚಕಾರ. ಇಲ್ಲಿ ಆ ಕಾಟವಿಲ್ಲ. ಪಟ್ಟಿಘಾಟ್ ಕಾಡಿನಲ್ಲಿ ಆನೆ ಅಡ್ಡ ನಿಂತು ಕಾಯಿಸಿದ್ದು ಹತ್ತು ನಿಮಿಷವಾದರೆ, ಚಹಾದಂಗಡಿ ಬೆಂಚಿನ ಮೇಲೆ ಅದು ಎರಡು ಗಂಟೆ. ಆನೆಯೂ ಎರಡು.